ಕಿಟಕಿಗೆ ಮಾತ್ರ!

ಹಳೆಯದಾಯಿತೆಂದು ಯಾವ ವಸ್ತುವನ್ನೂ ನಾನು ಮನೆಯಿಂದಾಚೆ ಹಾಕುವುದಿಲ್ಲ, ಅದು ತಾನಾಗಿ ಕಣ್ಣು ಮುಚ್ಚುವ ತನಕ ಸಾಕುತ್ತೇನೆ! ಹೀಗೆಂದು ಯುಗಾದಿಯಂದು ದಿನಚರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಶಾಯಿ ಒಣಗುವ ಮೊದಲೇ ನನ್ನ ಪ್ರತಿಜ್ಞೆಯನ್ನು ಪರೀಕ್ಷಿಸಲು ಒಂದು ಕೋಲು ಮನೆಗೆ ಬಂತು.

ನಾವಿರುವುದು ಜೇವರ್ಗಿ ಕಾಲೋನಿಯ ಎರಡನೇ ಮಹಡಿಯಲ್ಲಿ. ಕಿಟಕಿಯ ಗಾಜು ದೊಡ್ಡದು, ಕಲಬುರಗಿಯ ಧೂಳು ಅದಕ್ಕಿಂತ ದೊಡ್ಡದು. ಕೆಳಗಿನ ಮನೆಯವರು ವರ್ಗವಾಗಿ ಹೋಗುವಾಗ ತಮ್ಮ ಕಿಟಕಿ ಒರೆಸುವ ಕೋಲನ್ನು ಗುಜರಿ ಗಾಡಿಗೆ ಹಾಕಿದ್ದರು. ಒಂದರೊಳಗೊಂದು ಜಾರುವ ಅಲ್ಯುಮಿನಿಯಂ ಕೊಳವೆಗಳು, ನಡುವೆ ಬಿಗಿಯುವ ಕ್ಲಿಪ್ಪು, ತುದಿಯಲ್ಲಿ ರಬ್ಬರಿನ ಅಡ್ಡಪಟ್ಟಿ. ಒಳಗೆಲ್ಲ ಮಣ್ಣು ಕಚ್ಚಿಕೊಂಡು, ಕ್ಲಿಪ್ಪು ಕುಂಭಕರ್ಣನ ದವಡೆಯಂತೆ ಬಿಗಿದುಕೊಂಡಿತ್ತು. ಯಮನ ಪಾಶದಿಂದ ಗಂಡನನ್ನು ಬಿಡಿಸಿದ ಸಾವಿತ್ರಿಯಂತೆ ನಾನು ಗುಜರಿ ಗಾಡಿಯಿಂದ ಕೋಲನ್ನು ಬಿಡಿಸಿ ತಂದೆ!

"ಇದೇನ ಕಸಾ ಹೊತ್ಕೊಂಡು ಬಂದಿ?" ಎಂದರು ಪತಿ ವಿವೇಕಾನಂದ.

"ಕಸಾ ಅಲ್ರೀ. ಛಲೋ ಸೇವಾ ಮಾಡಿದ್ರ ಇನ್ನ ಹತ್ತು ವರ್ಷ ಬಾಳ್ತದ."

"ನನಗೂ ಒಂದೀಟು ಮಾಡು. ನಾನೂ ಬಾಳ್ತೀನಿ."

ಸೇವೆ ಮಾಡಿದೆ. ಮಗಳು ಪ್ರೀತಿಯ ಸ್ನಾನದ ಟಬ್ಬಿನಲ್ಲೇ ಕೋಲಿಗೂ ಸ್ನಾನ. ಅವಳ ಹಳೆಯ ಲಂಗೋಟಿಯನ್ನು ದಾರಕ್ಕೆ ಕಟ್ಟಿ ಕೊಳವೆಯೊಳಗಿಂದ ಎಳೆದು ಮಣ್ಣು ತೆಗೆದೆ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಕ್ಲಿಪ್ಪಿನ ಸಂದಿ ಉಜ್ಜಿದೆ. ಎಣ್ಣೆ ಮುಟ್ಟಿಸಲಿಲ್ಲ, ಮುಟ್ಟಿಸಿದರೆ ನಮ್ಮ ಧೂಳು ಅಲ್ಲೇ ಸಂಸಾರ ಹೂಡುತ್ತದೆ! ನೆರಳಲ್ಲಿ ಒಣಗಿಸಿ, ಹಿಡಿಗೆ ಸೈಕಲ್ ಟ್ಯೂಬು ತೊಡಿಸಿದೆ. ಕೊನೆಗೆ ಬೆರಳು ತಾಕಿದರೆ ಸಾಕು, ಟಕ್! ಕೊಳವೆ ಬೆಣ್ಣೆಯಂತೆ ಜಾರುತ್ತಿತ್ತು.

ಆದರೆ ಈ ಮನೆಯಲ್ಲಿ ಕೋಲೆಂದರೆ ಸಾರ್ವಜನಿಕ ಆಸ್ತಿ! ಕೆಳಗಿನ ಬಾಲ್ಕನಿಗೆ ಬಿದ್ದ ತಮ್ಮ ಬನಿಯನ್ನನ್ನು ಪತಿರಾಯರು ಅದರಿಂದಲೇ ಎತ್ತಿದರು. ಜೇಡರ ಬಲೆ ಸುತ್ತಿದರು. ನಿಂತ ಫ್ಯಾನಿಗೆ ತಿವಿದರು! ಇದು ನ್ಯಾಯವೇ? ಸಿಟ್ಟಿನಿಂದ ಒಂದು ಚೀಟಿ ಬರೆದು, ಮೇಲೆ ಪ್ಲಾಸ್ಟಿಕ್ ಟೇಪು ಸುತ್ತಿ ಕೋಲಿಗೆ ಅಂಟಿಸಿದೆ: 'ಕಿಟಕಿಗೆ ಮಾತ್ರ'.

ಆ ವಾರ ಕಮಲಾಪುರದಿಂದ ಅತ್ತೆ ಕಸ್ತೂರಿಬಾಯಿ ಬಂದರು. ಊರಿನಲ್ಲಿ ಅವರದು ಕೆಂಪು ಬಾಳೆಯ ತೋಟ. ಅದರಲ್ಲೊಂದು ಗೊನೆಯನ್ನು ಮೊಮ್ಮಗಳ ಹುಟ್ಟುಹಬ್ಬಕ್ಕೆ ಶರಣಬಸವೇಶ್ವರ ಗುಡಿಯಲ್ಲಿ ಹಂಚುತ್ತೇನೆಂದು ಹರಕೆ ಹೊತ್ತಿದ್ದರು. ನನ್ನ ಮಗಳು ಊಟ ಮಾಡಿದಳೋ ಇಲ್ಲವೋ, ಆ ಗೊನೆಯ ಯೋಗಕ್ಷೇಮ ಮಾತ್ರ ದಿನಾ ಫೋನಿನಲ್ಲಿ ಬರುತ್ತಿತ್ತು. "ಗೊನಿ ವಜ್ಜಾ ಆಗ್ಯದ ತಂಗಿ, ಗಿಡಾ ಬಗ್ಗಾಕತ್ತದ. ಆನಿಸಿದ ಬಿದಿರಿಗೆಲ್ಲ ಗೆದ್ದಲ ಹತ್ಯದ" ಎಂದು ಬಂದ ದಿನವೂ ಕೊರಗಿದರು.

ನಾನು ಆ ಕೊರಗನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಕೋಲಿನ ಪುರಾಣ ಶುರು ಮಾಡಿದೆ. "ನೋಡ್ರಿ ಅತ್ತಿ, ಇದಕ್ಕ ಗೆದ್ದಲ ಹತ್ತಂಗಿಲ್ಲ, ಜಂಗ, ತುಕ್ಕು ಹಿಡಿಯಂಗಿಲ್ಲ. ಎಷ್ಟು ಬೇಕೋ ಅಷ್ಟು ಉದ್ದ ಮಾಡ್ಬಹುದು!" ಅತ್ತೆ ಕಣ್ಣರಳಿಸಿ ಕೇಳಿದರು. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಕೊಡುವ ಒಂದು ಜೀವವಾದರೂ ಇದೆಯಲ್ಲ ಎಂದು ಉಬ್ಬಿದೆ.

ಮರುದಿನ ಅತ್ತೆ ಊರಿಗೆ ಹೋದರು. ಕೋಲೂ ಹೋಯಿತು!

"ರೀ, ನನ್ನ ಕೋಲು?"

"ಅವ್ವ ಒಯ್ದಾಳ."

"ನನಗ ಕೇಳಲಾರ್ದೇನ?"

"ನನಗ ಕೇಳಿದ್ಲಲ್ಲ. ಒಯ್ಯಿ ಅಂದೆ."

"ಕೋಲು ನಿಮ್ಮದೇನ್ರೀ?"

"ಕಸಾ ಅನ್ಕೊಂಡಿದ್ದೆ" ಎಂದು ಮುಸಿನಕ್ಕರು!

ಭಾನುವಾರ ಬೆಳಿಗ್ಗೆಯೇ ಕಮಲಾಪುರದ ಮೇಲೆ ದಂಡೆತ್ತಿ ಹೋದೆ. ಗಂಡ, ಅತ್ತೆ, ಕೂಸು ಅಂಗಳದಲ್ಲಿ ಕೊಂಡಾಟದಲ್ಲಿದ್ದಾಗ ನಾನೊಬ್ಬಳೇ ತೋಟಕ್ಕೆ ನುಗ್ಗಿದೆ. ಅಯ್ಯೋ, ನನ್ನ ಕೋಲೇ! ಕಾಲು ಕೆಸರಿನಲ್ಲಿ, ತುದಿಗೆ ಅತ್ತೆಯ ಹಳೇ ಸೀರೆಯ ಸಿಂಬಿ, ಅದರ ಮೇಲೆ ಬಾಗಿದ ಬಾಳೆಗಿಡ, ಗಿಡದಲ್ಲೊಂದು ಭಾರೀ ಗೊನೆ. 'ಕಿಟಕಿಗೆ ಮಾತ್ರ' ಎಂಬ ಚೀಟಿ ಕೆಸರಿನೊಳಗಿಂದ ನನ್ನನ್ನು ದೀನವಾಗಿ ನೋಡುತ್ತಿತ್ತು.

ಕಣ್ಣು ಕೆಂಪಾಯಿತು. ಆದರೂ ಒರಟಾಗಿ ಎಳೆಯಲಿಲ್ಲ. ಎಳೆದರೆ ಕೊಳವೆ ಸೊಟ್ಟಗಾಗುತ್ತದೆ. ಶಾಸ್ತ್ರೋಕ್ತವಾಗಿ ಕ್ಲಿಪ್ಪಿಗೆ ಒಂದೇ ಬೆರಳು ತಾಕಿಸಿದೆ.

ಟಕ್!

ಕೊಳವೆ ಬೆಣ್ಣೆಯಂತೆ ಜಾರಿತು. ಅದರ ಹಿಂದೆಯೇ ಗಿಡವೂ ಜಾರಿತು! ನಾನು ಭುಜ ಕೊಟ್ಟೆ. ಕೊಟ್ಟ ಭುಜವನ್ನು ಗಿಡ ತಿರುಗಿ ಕೊಡಲಿಲ್ಲ.

"ಅತ್ತೀ! ಜಲ್ದಿ ಬರ್ರಿ!"

ಅತ್ತೆ ಓಡಿ ಬಂದು ಎದೆ ಬಡಿದುಕೊಂಡರು. "ಯವ್ವಾ, ಕೂಸಿನ ಗೊನಿ! ಬಿಡಬ್ಯಾಡ, ಹಂಗೇ ನಿಂದ್ರು!"

"ಇದು... ಪ್ರೀತಿ ಗೊನೀನಾ?"

"ಮತ್ಯಾರದು? ಊರ ಮಂದೀದು ಆನಿಸಾಕ ನಿನ್ನ ಕೋಲ ತರ್ತಿದ್ನೇನ?"

ನನ್ನ ಸಿಟ್ಟೆಲ್ಲ ಸರ್ರನೆ ಇಳಿಯಿತು. ಗಿಡ ಮಾತ್ರ ಇಳಿಯದಂತೆ ಹಿಡಿದುಕೊಂಡೆ. ಬಾಳೆಯ ರಸ ಹೊಸ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಗಂಡ ಬಂದರು. "ಮಮ್ಮಿ ಗಿಡ!" ಎಂದು ಚಪ್ಪಾಳೆ ತಟ್ಟಿದಳು ಪ್ರೀತಿ.

"ರೀ, ಆ ಕೋಲು ಎತ್ತಿ ಆನಿಸ್ರಿ, ಲಗೂನ!"

ಅವರು ಮಗಳನ್ನು ಸಾವಕಾಶವಾಗಿ ಇಳಿಸಿದರು. ಸಾವಕಾಶವಾಗಿ ಕೋಲನ್ನೆತ್ತಿದರು. ಹೆಬ್ಬೆರಳಿನಿಂದ ಕೆಸರು ಒರೆಸಿ ಓದಿದರು.

"ಆದರ ಇದರ ಮ್ಯಾಲ 'ಕಿಟಕಿಗೆ ಮಾತ್ರ' ಅಂತ ಬರದದಲ್ಲ?"

"ಹರದು ಒಗೀರಿ ಅದನ್ನ!"

"ನೀನೇ ಮಾಡಿದ ಕಾಯ್ದೆ..."

"ಏ ವಿವ್ಯಾ, ಹಲ್ಲ ಕಿಸೀಬ್ಯಾಡ, ಕೋಲ ಹಿಡಿ!" ಎಂದು ಅತ್ತೆ ಗದರಿದ ಮೇಲೆ ನನಗೆ ಬಿಡುಗಡೆಯಾಯಿತು. ಕ್ಲಿಪ್ಪನ್ನು ಹೇಗೆ ಬಿಗಿಯಬೇಕೆಂದು ನಾನೇ ನನ್ನ ಬಾಯಿಂದ ಹೇಳಿಕೊಡಬೇಕಾಯಿತು! ಅತ್ತೆ ಅದರ ಮೇಲೆ ಸುತಳಿಯನ್ನು ಸುತ್ತಿ ಸುತ್ತಿ ಗಂಟು ಹಾಕಿದರು.

"ಕೋಲು ಭಾಳ ಛಂದ ಇಟ್ಟೀದಿ ತಂಗಿ. ಒಂದೀಟು ಮಣ್ಣು ಬಿಟ್ಟಿದ್ರ ಇವತ್ತ ಜಾರ್ತಿರಲಿಲ್ಲ ನೋಡು."

ಹರಕೆ ತೀರಿತು. ಗುಡಿಯಲ್ಲಿ ಹಣ್ಣು ತಿಂದವರೆಲ್ಲ ಸಕ್ಕರೆಯಂತಿದೆ ಎಂದು ಮಗಳನ್ನು ಹರಸಿದರು. ಸೀರೆಯ ಕಲೆ ಹೋಗಿಲ್ಲ. ನಮ್ಮ ಕಿಟಕಿಯಿಂದ ಈಗ ಎದುರು ಮನೆ ಮಂಜಿನಲ್ಲಿದ್ದಂತೆ ಕಾಣುತ್ತದೆ. ಹೋಗಲಿ, ಗೊನೆಯ ಕೆಲಸ ಮುಗಿಯಿತಲ್ಲ, ಇನ್ನಾದರೂ ಕೋಲನ್ನು ಕಳಿಸಬಹುದು ಎಂದುಕೊಳ್ಳುತ್ತಿರುವಾಗಲೇ ನಿನ್ನೆ ಅತ್ತೆಯ ಫೋನು ಬಂತು.

"ಅಂಬಿಕಾ, ಮತ್ತೆರಡು ಗಿಡ ಗೊನಿ ಹಾಕ್ಯಾವ. ಕೋಲು ಒಂದೇ ಅದ. ಇನ್ನೊಂದಕ್ಕ ನೀ ಯಾವಾಗ ಬರ್ತಿ?"