ಅಣ್ಣನ ಮಂಗಳವಾರಗಳು ಮತ್ತು ಒಂದು ಗೇಟು

ನಮ್ಮಣ್ಣನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಒಡಹುಟ್ಟಿದವಳು ಹಾಗೆಲ್ಲ ಹೇಳಬಾರದು. ಇಂಗ್ಲೆಂಡಿನ ಈ ಬೀಸ್ಟನ್ ಊರಿನ ಉಳಿದ ಕನ್ನಡಿಗರೆಲ್ಲ ಹೇಳುತ್ತಾರೆ, ನಾನು ಸುಮ್ಮನೆ ತಲೆಯಾಡಿಸುತ್ತೇನೆ, ಅಷ್ಟೇ!

ಅಲ್ಲ, ನೀವೇ ಹೇಳಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿ ಕಂಡಕಂಡವರನ್ನೆಲ್ಲ ಮಲಗಿಸಿದ ಮನುಷ್ಯ, ರಿಟೈರ್ ಆದ ಮೇಲೆ ತಾನಾದರೂ ಹಾಯಾಗಿ ಮಲಗಬೇಡವೇ? ಇವನು ಪ್ರತಿ ಮಂಗಳವಾರ ಬೆಳಿಗ್ಗೆ ಗಮ್‌ಬೂಟು ಏರಿಸಿ, ಕಣ್ಣು ಕುಕ್ಕುವ ಹಳದಿ ಜಾಕೆಟ್ ತೊಟ್ಟು ಹೊರಡುತ್ತಾನೆ. ಎಲ್ಲಿಗೆ? ಯಾರದೋ ಹೊಲದ ಮುಳ್ಳು ಕಡಿಯಲಿಕ್ಕೆ! ಅದೂ ಬಿಟ್ಟಿ! ಊರಿನ ಕಾಲುದಾರಿಗಳನ್ನು ನೋಡಿಕೊಳ್ಳುವ ಸ್ವಯಂಸೇವಕರ ಗುಂಪೊಂದಿದೆ. ದಾರಿಗೆ ಚಾಚಿದ ಮುಳ್ಳುಕಂಟಿ ಸವರುವುದು, ಕೆಸರಿಗೆ ಜಲ್ಲಿ ಸುರಿಯುವುದು, ವಾಲಿದ ಕಂಬ ನೆಟ್ಟಗೆ ಮಾಡುವುದು ಅವರ ಕೆಲಸ. ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಮುಖಂಡ ಕೀತ್ ಎಂಬ ಮಾಜಿ ಬಸ್ ಡ್ರೈವರ್.

ಇತ್ತ ಅಣ್ಣನ ಸ್ವಂತ ಹಿತ್ತಲಿನಲ್ಲಿ ಹುಲ್ಲು ಮೊಣಕಾಲು ದಾಟಿದೆ. ಒಂದು ದಿನ ಅತ್ತಿಗೆ ನನ್ನೆದುರೇ ಹೇಳಿದರು: "ರೀ, ನಮ್ಮ ಹಿತ್ತಲೂ ಕಾಲುದಾರಿ ಅಂತ ಕೌನ್ಸಿಲ್‌ನಲ್ಲಿ ಬರೆಸಿಬಿಡ್ತೀನಿ. ಆಗಲಾದ್ರೂ ಕತ್ತರಿ ಹಿಡಿತೀರೇನೋ!"

ಅಣ್ಣ ಗಂಭೀರವಾಗಿ, "ಅದಕ್ಕೆ ಅರ್ಜಿ ಕೊಟ್ರೆ ತುಂಬಾ ವರ್ಷ ಹಿಡಿಯತ್ತೆ ಕಣೇ" ಎಂದ.

ಕೆಲಸದ ಜಾಗವನ್ನೂ ಅವನು ಆಪರೇಷನ್ ಥಿಯೇಟರ್ ಮಾಡಿಬಿಟ್ಟಿದ್ದಾನೆ. ಹೊಲಿಗೆ ಹಾಕುವ ಮೊದಲು ನರ್ಸ್‌ಗಳು ಕತ್ತರಿ, ಬಟ್ಟೆ ಎಲ್ಲ ಎಣಿಸುವುದನ್ನು ಜೀವಮಾನವಿಡೀ ನೋಡಿದವನಲ್ಲವೇ? ಇಲ್ಲೂ ಹತ್ಯಾರುಗಳನ್ನು ಮೊದಲೊಮ್ಮೆ, ಕೊನೆಗೊಮ್ಮೆ ಎಣಿಸುತ್ತಾನೆ. ಒಮ್ಮೆ ಒಂದು ಕತ್ತರಿ ಕಡಿಮೆ ಬಿತ್ತು. ಸುರಿಯುವ ಮಳೆಯಲ್ಲಿ ಎಂಟು ಮುದುಕರನ್ನು ಒಂದು ಗಂಟೆ ಹುಲ್ಲಿನಲ್ಲಿ ಹುಡುಕಿಸಿದ. ಕತ್ತರಿ ಎಲ್ಲಿತ್ತು ಅಂತೀರಿ? ಅವನದೇ ಜೇಬಿನಲ್ಲಿ!

ಇದೆಲ್ಲ ನನಗೆ ಹೇಗೆ ಗೊತ್ತು? ನಮ್ಮ ಮನೆಯ ಹಿಂದೆಯೇ ಆ ಹೊಲ. ಅದರ ನಡುವೆ ಕಾಲುದಾರಿ, ಕೊನೆಗೆ ನದಿ. ಮೊದಲು ದಿನಾ ಸಂಜೆ ನದಿಯವರೆಗೆ ಹೋಗಿ ಬರುತ್ತಿದ್ದೆ. ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಗತಿ. ಕೇಳಿದವರಿಗೆಲ್ಲ, "ಈ ಚಳೀಲಿ ಯಾರು ಹೋಗ್ತಾರೆ?" ಎನ್ನುತ್ತಿದ್ದೆ. ಜುಲೈನಲ್ಲೂ ಅದನ್ನೇ ಹೇಳಿದೆ.

ಈ ದಾರಿಯಲ್ಲಿ ಅಣ್ಣನಿಗೊಬ್ಬ ಕಡುವೈರಿ. ಅದೊಂದು ಹತ್ತಿ ದಾಟುವ ಮರದ ಹಲಗೆ. ಬೇಲಿಯ ಸಂದಿನಲ್ಲಿ ಎರಡು ಹಲಗೆ ಬಡಿದಿರುತ್ತಾರೆ. ಕಾಲೆತ್ತಿ ಹತ್ತಿ ಆಚೆ ಇಳಿಯಬೇಕು. ಜನ ದಾಟಬೇಕು, ಕುರಿ ದಾಟಬಾರದು. ಅದನ್ನು ಕಿತ್ತು ಗೇಟು ಹಾಕಿಸಲೇಬೇಕೆಂದು ಅಣ್ಣನ ಹಟ. ಹೊಲದ ಯಜಮಾನಿ ಒಪ್ಪಬೇಕಲ್ಲ? "ಗೇಟನ್ನು ತೆರೆದಿಟ್ಟು ಹೋಗುತ್ತಾರೆ. ಕುರಿ ರಸ್ತೆಗೆ ಬೀಳುತ್ತವೆ. ಆಗುವುದಿಲ್ಲ!" ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದರು. ಅಣ್ಣ ಪತ್ರದ ಮೇಲೆ ಪತ್ರ ಬರೆದ. ಒಂದರಲ್ಲಿ ನಾಯಿಗಳ ಕಷ್ಟ, ಇನ್ನೊಂದರಲ್ಲಿ ಕೂಸಿನ ತಳ್ಳುಗಾಡಿ, ಮತ್ತೊಂದರಲ್ಲಿ ಹಲಗೆಯ ಗೆದ್ದಲು. ಇಂಗ್ಲೆಂಡಿನಲ್ಲಿ ಗೆದ್ದಲೆಲ್ಲಿಂದ ಬರಬೇಕು?

"ಅಣ್ಣ, ಆ ಹಲಗೆ ನಿನಗೇನು ಮಾಡಿತ್ತೋ?" ಎಂದು ಕೇಳಿದೆ.

"ನಿನಗ್ಯಾಕೆ? ಕಾಫಿ ಕೊಡು" ಎಂದ.

ಹೀಗಿರುವಾಗ ಆಯುಧ ಪೂಜೆ ಬಂತು. ಗುಂಪಿನ ಗುದ್ದಲಿ, ಗರಗಸ, ಕತ್ತರಿಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಪೂಜೆ ಮಾಡಿಯೇಬಿಟ್ಟ. ಬೂದುಗುಂಬಳ ಸಿಗಲಿಲ್ಲವೆಂದು ಸೂಪರ್‌ಮಾರ್ಕೆಟ್ಟಿನಿಂದ ಹ್ಯಾಲೋವೀನ್ ಕುಂಬಳಕಾಯಿ ತಂದು ಒಡೆದ. ಮಣ್ಣು ಹೊರುವ ಕೈಗಾಡಿಯ ಒಂದೇ ಒಂದು ಚಕ್ರಕ್ಕೆ ನಿಂಬೆಹಣ್ಣಿಟ್ಟು, "ಕೀತ್, ತಳ್ಳು!" ಎಂದು ಅಪ್ಪಣೆ ಮಾಡಿದ. ಪಾಪ, ಆತ ಟೋಪಿ ತೆಗೆದು ಭಕ್ತಿಯಿಂದ ತಳ್ಳಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮಣ್ಣ ನಿಲ್ಲಿಸಿದರೆ ತಾನೆ? ಮಳೆಗೆ ತೊಳೆದುಹೋಗದಿರಲೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಕಂಬಗಳಿಗೆ ಹಚ್ಚಿದ. ಬೇಲಿ ಪಕ್ಕದ ದೊಡ್ಡ ಓಕ್ ಮರಕ್ಕೂ ಕೈಯಗಲದ ಬೊಟ್ಟಿಟ್ಟ.

ಮುಂದಿನ ಮಂಗಳವಾರ, ಬೇಲಿಯಲ್ಲಿದ್ದ ರೋಗದ ಮರವೊಂದನ್ನು ಉರುಳಿಸಲು ಗರಗಸದವನು ಬಂದ. ಕಡಿಯುವ ಮರಕ್ಕೆ ಕೆಂಪು ಗುರುತು ಹಾಕುವುದು ಇಲ್ಲಿನ ಪದ್ಧತಿ. ಒಂದಕ್ಕೆಂದು ಬಂದವನಿಗೆ ಎರಡು ಕಂಡವು! ಅವನು ಓಕ್ ಮರದ ಬುಡದಲ್ಲಿ ಯಂತ್ರ ಗುರ್ರೆನ್ನಿಸಿದ್ದೇ ತಡ, ಅಣ್ಣ ಓಡಿಹೋಗಿ ಮರ ತಬ್ಬಿಕೊಂಡು, "ಮುಟ್ಬೇಡ! ಮುಟ್ಟಿದ್ರೆ ನೋಡು!" ಎಂದು ಶುದ್ಧ ಕನ್ನಡದಲ್ಲಿ ಅರಚಿದ. ಗಾಬರಿಯಲ್ಲಿ ಅವನ ಇಂಗ್ಲಿಷೆಲ್ಲ ಹಾರಿಹೋಗಿತ್ತು. ನನ್ನ ಕಿಟಕಿಯವರೆಗೂ ಕೇಳಿಸಿತು.

ಮುಂದಿನದನ್ನು ಕೀತ್ ಹೇಳಿದ್ದು. ಗದ್ದಲಕ್ಕೆ ಯಜಮಾನಿಯೂ ಓಡಿಬಂದರಂತೆ. ಅದು ಅವರ ಅಜ್ಜ ನೆಟ್ಟ ಮರ. ಗರಗಸದವನನ್ನು ಕಳಿಸಿ, ಇನ್ನೂ ಮರ ಬಿಡದ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟರೇ, ಆ ಗೇಟು ಹಾಕಿಸಿದರೆ ಅದು ಮುಚ್ಚಿದೆಯೋ ಇಲ್ಲವೋ ಯಾರು ನೋಡುತ್ತಾರೆ?" ಎಂದು ಕೇಳಿದರಂತೆ.

"ನಾನು. ದಿನಾ. ಕುರಿಗಳನ್ನೂ ಎಣಿಸಿಯೇ ಮನೆಗೆ ಹೋಗುತ್ತೇನೆ."

ಕತ್ತರಿಯ ಕಥೆ ಆಕೆಗೂ ತಲುಪಿತ್ತು. ಈ ಮನುಷ್ಯ ಎಣಿಸುತ್ತೇನೆಂದರೆ ಎಣಿಸುತ್ತಾನೆ ಎಂದು ಗೊತ್ತಿತ್ತು. ಒಪ್ಪಿದರು!

ಆ ವಾರ ಅಣ್ಣ ಕೆಸರಿನ ಆಳ ನೋಡಬೇಕೆಂದು ನನ್ನ ಊರುಗೋಲು ಒಯ್ದು, ಎರಡು ದಿನ ಬಿಟ್ಟು ತೊಳೆದು ತಂದುಕೊಟ್ಟ. ಗೇಟು ನಿಲ್ಲಿಸಿಯಾದ ದಿನ, ಅದರ ಚಿಲಕ ತೀರಾ ಕೆಳಗೆ ಹಾಕಿಸಿದ್ದಾನೆ, ಬಗ್ಗಿ ಬಗ್ಗಿ ಬೆನ್ನು ಹೋಗುತ್ತದೆ ಎಂದು ಕೀತ್ ನನ್ನ ಹತ್ತಿರ ದೂರಿದ. "ನಮ್ಮಣ್ಣನೇ ಹಾಗೆ, ಬಿಡಿ" ಎಂದು ಇಬ್ಬರೂ ನಕ್ಕೆವು.

ಮರುದಿನ ಬೆಳಿಗ್ಗೆ ಅಣ್ಣ ಬಾಗಿಲಲ್ಲಿ ನಿಂತು, "ಬೂಟು ಹಾಕ್ಕೋ" ಎಂದ.

"ಚಳಿ ಕಣೋ."

"ನನ್ನ ಹತ್ರ ಆ ಕಥೆ ಬೇಡ. ಹಾಕ್ಕೋ."

ನಿಧಾನವಾಗಿ ಹೋದೆವು. ಹಲಗೆ ಇದ್ದ ಜಾಗದಲ್ಲಿ ಹೊಸ ಗೇಟು, ಅದರ ನೆತ್ತಿಗೊಂದು ಕುಂಕುಮದ ಬೊಟ್ಟು. ಅಣ್ಣ ಪಕ್ಕಕ್ಕೆ ಸರಿದು ನಿಂತ.

"ಒಂದೇ ಕೈಯಲ್ಲಿ ತೆಗೆಯಕ್ಕಾಗತ್ತಾ ನೋಡು. ಇನ್ನೊಂದು ಕೈಯಲ್ಲಿ ಕೋಲಿರತ್ತಲ್ಲ."

ಚಿಲಕ ನನ್ನ ಊರುಗೋಲಿನ ಹಿಡಿಯಷ್ಟೇ ಎತ್ತರದಲ್ಲಿತ್ತು. ಬಗ್ಗಬೇಕಿರಲಿಲ್ಲ, ಕೈ ಚಾಚಬೇಕಿರಲಿಲ್ಲ. ಮುಟ್ಟಿದೆ, ತೆರೆಯಿತು. ಆ ಹಲಗೆ ಹತ್ತಲಾಗದೆ, ಊರಿಗೆಲ್ಲ ಚಳಿ ಎಂದು ಸುಳ್ಳು ಹೇಳಿಕೊಂಡು ಕೂತಿದ್ದೆ, ಇವನೊಬ್ಬ ನಂಬಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಕಿಟಕಿಯಲ್ಲಿ ಕೂತು ಇವನನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

"ಅಳೋದೆಲ್ಲ ಆಚೆ ಕಡೆ. ಗೇಟು ತೆಗೆದಿಟ್ಟುಕೊಂಡು ನಿಲ್ಲಬಾರದು, ಕುರಿ ಇವೆ" ಎಂದ ಅಣ್ಣ.

ದಾಟಿ, ಗೇಟನ್ನು ನಾನೇ ಭದ್ರವಾಗಿ ಮುಚ್ಚಿದೆ. ಅಣ್ಣ ನಂಬದೆ ಇನ್ನೊಮ್ಮೆ ಎಳೆದು ನೋಡಿ, ನನ್ನ ಹಿಂದೆ ನದಿಯ ಕಡೆಗೆ ಬಂದ.