ಮೂರನೇ ಮೆಟ್ಟಿಲಿನ ಗೂಢಾರ್ಥ

ಇನ್ನು ಮುಂದೆ ಯಾವ ಕಥೆಯೂ, ಯಾವ ಸಿನಿಮಾವೂ, ಯಾವ ಹಾಡೂ ತನ್ನ ಒಳಗುಟ್ಟನ್ನು ನನಗೊಪ್ಪಿಸದೆ ನಮ್ಮ ಮನೆಯ ಹೊಸಿಲು ದಾಟಕೂಡದು! ಈ ಘನಘೋರ ಶಪಥವನ್ನು ನಾನು ಕೈಗೊಂಡದ್ದು ನಮ್ಮ ವಿಮಾ ಕಚೇರಿಯ ಊಟದ ಬಿಡುವಿನಲ್ಲಿ. ಯಾವುದೋ ಸಿನಿಮಾದ ಬಗ್ಗೆ ಬಾಯಿಗೆ ಬಂದದ್ದು ಹೇಳಿದ್ದೆ. ಪಕ್ಕದ ಮೇಜಿನ ಟೈಪಿಸ್ಟ್ "ಎಂಥಾ ಒಳನೋಟ ಸಾರ್ ನಿಮ್ದು!" ಎಂದುಬಿಟ್ಟ. ಅಷ್ಟೇ, ಅಂದಿನಿಂದ ನನ್ನ ಕಣ್ಣಿಗೆ ಹೊರಗಿನದು ಕಾಣುವುದೇ ನಿಂತುಹೋಯಿತು.

ಮೊದಲ ಬಲಿ ನನ್ನ ಹೆಂಡತಿ. ಶಾಲೆಯಲ್ಲಿ ಗಣಿತ ಕಲಿಸುವವಳು. ಟಿವಿಯಲ್ಲಿ ನಾಯಕಿ ಕೊಡೆ ಬಿಚ್ಚಿದಳು.

"ನೋಡು, ಅದು ಕೊಡೆ ಅಲ್ಲ. ಅವಳ ಅಹಂಕಾರ!"

"ಮಳೆ ಬರ್ತಿದೆ ಕಣ್ರೀ."

"ಅದೂ ಮಳೆ ಅಲ್ಲ!"

"ಹಾಗಾದ್ರೆ ಎದ್ದು ಮಹಡಿ ಮೇಲಿನ ಬಟ್ಟೆ ತನ್ನಿ. ಆ ಮಳೆ ಅಲ್ಲದ್ದು ನಮ್ಮನೆ ಮೇಲೂ ಸುರೀತಿದೆ."

ಅವಳು ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದ ಪ್ರೇಮಗೀತೆ ನಿಜಕ್ಕೂ ಮರಣದ ಕುರಿತದ್ದೆಂದು ಮರುದಿನ ವಿವರಿಸಿದೆ. ಗುನುಗುವುದು ನಿಂತಿತು, ಪಾತ್ರೆಗಳ ಸದ್ದು ಜೋರಾಯಿತು. ಅದರ ಗೂಢಾರ್ಥ ಮಾತ್ರ ಹೊಳೆಯಲಿಲ್ಲ.

ನಮ್ಮ ಜೊತೆಗೇ ಇರುವ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು. ಕಂಡವರ ಮಾತಿಗೆಲ್ಲ ಕಿವಿಗೊಟ್ಟು ಪಳಗಿದ ಜೀವ. ನನ್ನ ವ್ಯಾಖ್ಯಾನಗಳನ್ನೂ ಕಮಕ್ ಕಿಮಕ್ ಎನ್ನದೆ ಕೇಳುತ್ತಿದ್ದರು. ಮನೆಯಲ್ಲಿ ಒಬ್ಬರಾದರೂ ರಸಿಕರಿದ್ದಾರಲ್ಲ ಎಂದು ಬೀಗಿದೆ!

ಬೀದಿಯ ಕೊನೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಕಥೆಯ ಚರ್ಚೆ ನಡೆಯುತ್ತದೆ. ಬರೆದವರ ಹೆಸರು ಮುಚ್ಚಿಟ್ಟು ಕಥೆ ಹಂಚುತ್ತಾರೆ. ಚರ್ಚೆ ಮುಗಿದ ಮೇಲೆ ಹೆಸರು ಹೇಳುತ್ತಾರೆ. ನನ್ನ ಕೀರ್ತಿ ಅಲ್ಲಿಯವರೆಗೂ ಹಬ್ಬಿ, ಗ್ರಂಥಪಾಲಕಿ ಈ ಸಲ ನನ್ನನ್ನೇ ಮಾತಿಗೆ ಕರೆದರು.

ಕಥೆ ಎರಡೇ ಪುಟ. ಒಂದು ಮನೆ. ಮರದ ಮೆಟ್ಟಿಲುಗಳಲ್ಲಿ ಮೂರನೆಯದರ ಹಲಗೆ ಸಡಿಲ. ಮುದುಕಿಯೊಬ್ಬಳು ಅದನ್ನು ಹಾರಿ ಹಾರಿ ಹತ್ತುತ್ತಾಳೆ. ಕೆಳಗೆ ಆರಾಮಕುರ್ಚಿಯಲ್ಲಿ ಒಬ್ಬಾತ ಕೂತು ಲೋಕದ ಬಗ್ಗೆ ಮಾತಾಡುತ್ತಾನೆ. ಒಂದು ದಿನ ಮುದುಕಿ ಬೀಳುತ್ತಾಳೆ. ಆತ ಮಾತು ಮುಂದುವರಿಸುತ್ತಾನೆ. ಮುಗಿಯಿತು.

ಆ ಸಂಜೆ ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಅತ್ತೆ. ಫ್ಯಾನಿನ ಗಾಳಿಗೆ ಬಂದಿರಬೇಕು, ಪಾಪ, ಎಂದುಕೊಂಡೆ. ಗಂಟಲು ಸರಿಮಾಡಿಕೊಂಡು ಗರ್ಜಿಸಿದೆ:

"ಮಹನೀಯರೇ! ಮೊದಲ ಮೆಟ್ಟಿಲು ದೇಹ, ಎರಡನೆಯದು ಮನಸ್ಸು, ಮೂರನೆಯದು ಆತ್ಮ! ಆ ಕುರ್ಚಿಯ ಮನುಷ್ಯನೇ ಈ ಕಥೆಯ ಋಷಿ! ಬೀಳುವವರು ಬೀಳಲಿ, ಅರಿವಿನ ಹರಿವು ನಿಲ್ಲದು ಎನ್ನುವ ಸ್ಥಿತಪ್ರಜ್ಞ! ಇದನ್ನು ಬರೆದವರು ಲೋಕವನ್ನೇ ತೊರೆದ ಮಹಾ ಚಿಂತಕರಿರಬೇಕು!"

ಚಪ್ಪಾಳೆ! ಹೆಂಡತಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆನಂದಬಾಷ್ಪ ಇರಬೇಕು.

"ಬರೆದವರು ಇಲ್ಲೇ ಇದ್ದಾರೆ. ದಯವಿಟ್ಟು ಎದ್ದು ನಿಲ್ಲಬೇಕು," ಎಂದರು ಗ್ರಂಥಪಾಲಕಿ.

ಎದ್ದು ನಿಂತವರು ನಮ್ಮ ಅತ್ತೆ!

ಹಿಂದಿನ ಸಾಲಿನ ವಕೀಲರೊಬ್ಬರು ಕೇಳಿದರು, "ಅಮ್ಮಾ, ಮೂರನೇ ಮೆಟ್ಟಿಲು ಅಂದ್ರೆ ಆತ್ಮಾನೇನಾ?"

"ಮೂರನೇ ಮೆಟ್ಟಿಲು ಅಂದ್ರೆ ಮೂರನೇ ಮೆಟ್ಟಿಲು ಕಣಪ್ಪಾ. ನಮ್ಮನೇದು. ಆರು ತಿಂಗಳಿಂದ ಹೇಳ್ತಾನೇ ಇದ್ದೆ, ಸರಿಮಾಡ್ಸಿ ಅಂತ. ಹೋದ ತಿಂಗಳು ಬಿದ್ದು ಕಾಲು ಉಳುಕಿ, ಹದಿನೈದು ದಿನ ಮಲಗಿದ್ನಲ್ಲಾ, ಆಗ ಬರೆದದ್ದು."

"ಮತ್ತೆ ಆ ಕುರ್ಚಿಯ ಋಷಿ?"

ಅತ್ತೆ ಉತ್ತರಿಸುವ ಅಗತ್ಯವೇ ಬೀಳಲಿಲ್ಲ. ಸಭೆಯಲ್ಲಿದ್ದ ಇಪ್ಪತ್ತೂ ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು!

ಮನೆಗೆ ಹೋಗುವ ದಾರಿಯಲ್ಲಿ ಒಂದೊಂದೇ ನೆನಪಾಯಿತು. ಅತ್ತೆ ಬಿದ್ದ ದಿನ ನಾನು ಓಡಿಹೋಗಿ ಎತ್ತಿದ್ದು ನಿಜ. ಆದರೆ ಅವರ ಹಾಸಿಗೆಯ ಪಕ್ಕ ಕೂತು, ಸಿನಿಮಾಗಳಲ್ಲಿ ನೋವು ಯಾವುದರ ಸಂಕೇತ ಎಂದು ಮುಕ್ಕಾಲು ಗಂಟೆ ಕೊರೆದದ್ದೂ ನಿಜ. ಅವರು ನರಳಿದ್ದನ್ನು ನಾನು "ಹೂಂ" ಎಂದೇ ತಿಳಿದಿದ್ದೆ. ನಾಚಿಕೆಯಿಂದ ಹಿಡಿಯಷ್ಟಾದೆ.

ಮರುದಿನ ಕಚೇರಿಗೆ ರಜೆ ಹಾಕಿ ಬಡಗಿಯನ್ನು ಕರೆತಂದೆ. ಎರಡು ಮೊಳೆ, ಒಂದು ಹಲಗೆ, ಅರ್ಧ ಗಂಟೆ. ಆತ್ಮ ಗಟ್ಟಿಯಾಯಿತು! ಅತ್ತೆಯ ಮುಂದೆಯೇ ನಾಲ್ಕು ಸಲ ಹತ್ತಿಳಿದು ತೋರಿಸಿದೆ. ಅವರು ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು.

"ತಪ್ಪಾಯ್ತು ಅತ್ತೆ. ಇನ್ಮೇಲೆ ಹೀಗಾಗಲ್ಲ."

"ಇರ್ಲಿ ಬಿಡಿ ಅಳಿಯಂದ್ರೇ."

"ಇದು... ಇನ್ನೊಂದು ಕಥೇನಾ?"

"ಹೂಂ."

"ಇದ್ರಲ್ಲೂ ಏನಾದ್ರೂ... ಗೂಢಾರ್ಥ?"

ಅತ್ತೆ ಕನ್ನಡಕ ಮೇಲೇರಿಸಿ ನನ್ನನ್ನು ಕರುಣೆಯಿಂದ ನೋಡಿದರು.

"ಇಲ್ಲಪ್ಪ. ಹೋದ ಸಲ ಊರಿಗೆಲ್ಲ ಅರ್ಥ ಆಯ್ತು, ನಿಮಗೊಬ್ರಿಗೆ ಆಗ್ಲಿಲ್ಲ. ಅದಕ್ಕೇ ಈ ಸಲ ನಿಮ್ಮ ಹೆಸರು ಹಾಕೇ ಬರೀತಿದ್ದೀನಿ."