ಮೇಷ್ಟ್ರು ಎರಕ ಹೊಯ್ದ ಟ್ರೇ

ಶಾಲೆಯ ಡ್ರಾಯಿಂಗ್ ಟೀಚರು ತಾವೇ ಮಾಡಿದ ರೆಸಿನ್ ಟ್ರೇಯೊಂದನ್ನು ಸ್ಟಾಫ್ ರೂಮಿಗೆ ತಂದ ದಿನವೇ ಗಣಿತದ ಮೇಷ್ಟ್ರ ನೆಮ್ಮದಿ ಕೆಟ್ಟಿತು. ಗಾಜಿನಂತೆ ಹೊಳೆಯುವ ಟ್ರೇ. ಅದರ ಹೊಟ್ಟೆಯೊಳಗೆ ಒಣಗಿದ ಹೂಗಳು ನೀರಲ್ಲಿ ತೇಲುತ್ತಿರುವಂತೆ ನಿಂತಿದ್ದವು. ಹೆಡ್ಮಾಸ್ತರರಿಂದ ಹಿಡಿದು ಜವಾನನವರೆಗೆ ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ಹೊಗಳಿದರು. ಮೇಷ್ಟ್ರು ಹೊಗಳಲಿಲ್ಲ, ಮಾಡುವ ಬಗೆ ಕೇಳಿದರು. ರೆಸಿನ್ ಎಂಬ ಅಂಟುದ್ರವ ಎರಡು ಪಾಲು, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಒಂದು ಪಾಲು; ಕಲಸಿ ಅಚ್ಚಿಗೆ ಹೊಯ್ದರೆ ಒಂದು ದಿನಕ್ಕೆ ಕಲ್ಲಾಗುತ್ತದೆ ಎಂದರು ಟೀಚರು.

"ಎರಡಕ್ಕೆ ಒಂದು," ಎಂದು ಮೇಷ್ಟ್ರು ಮನೆಗೆ ಬಂದು ಹೆಂಡತಿಯ ಮುಂದೆ ಘೋಷಿಸಿದರು. "ಆರನೇ ಕ್ಲಾಸಿನ ಲೆಕ್ಕ ಕಣೇ ಅದು. ಅದಕ್ಕೆ ಕಲೆ ಅಂತ ಹೆಸರು ಬೇರೆ. ಭಾನುವಾರ ಅತ್ತೆಗೆ ಎಪ್ಪತ್ತೈದು ತುಂಬುತ್ತಲ್ಲ, ಅವತ್ತು ಅಂಥದ್ದೇ ಒಂದು ಟ್ರೇ ಅವರ ಕೈಗಿಡ್ತೀನಿ."

"ಅಂಗಡೀಲಿ ಸಿಗುತ್ತೆ ರೀ."

"ಅಂಗಡಿಯವನಿಗೆ ನಿಮ್ಮಮ್ಮನ ಮೇಲೆ ಪ್ರೀತಿ ಇದೆಯಾ?"

ಅವಳು ಊಟದ ಮೇಜಿನ ಮೇಲಿದ್ದ ಪಾತ್ರೆಗಳನ್ನು ತೆಗೆದು ಜಾಗ ಮಾಡಿಕೊಟ್ಟಳು.

ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಮೇಷ್ಟ್ರು ಮೊದಲ ಎರಕ ಹೊಯ್ದರು. ಬಾಟಲಿಯ ಮೇಲೆ "ತೂಕದಲ್ಲಿ ಎರಡಕ್ಕೆ ಒಂದು" ಎಂದು ಬರೆದಿತ್ತು. ಮೇಷ್ಟ್ರ ಕಣ್ಣು ತೂಕವನ್ನು ದಾಟಿ ನೇರ ಅಂಕಿಗಳ ಮೇಲೆ ಹೋಗಿ ಕೂತದ್ದರಿಂದ ಅವರು ಲೋಟದಲ್ಲಿ ಅಳೆದರು, ಅದೂ ಕಣ್ಣಂದಾಜಿನಲ್ಲಿ. ಮಾರನೆಯ ದಿನ ನೋಡಿದರೆ ಅದು ಕಲ್ಲೂ ಅಲ್ಲ, ನೀರೂ ಅಲ್ಲ, ಜೇನಿನಂಥ ಅಂಟು. ಅಚ್ಚಿನಿಂದ ಸೋರಿದ್ದು ಪೇಪರಿಗೆ ಅಂಟಿತ್ತು, ಪೇಪರು ಮೇಜಿಗೆ ಅಂಟಿತ್ತು, ಬಗ್ಗಿ ನೋಡಿದ ಮೇಷ್ಟ್ರ ಮೊಣಕೈ ಪೇಪರಿಗೆ ಅಂಟಿತು. ಬಿಡಿಸಿಕೊಂಡಾಗ ಕಳೆದ ವಾರದ ಹವಾಮಾನ ವರದಿ ಮೊಣಕೈಯೊಂದಿಗೇ ಎದ್ದು ಬಂತು.

ಎರಡನೆಯ ಸಲ ಸೇಡು ತೀರಿಸಿಕೊಳ್ಳುವವರಂತೆ ಹಾರ್ಡ್ನರನ್ನು ಧಾರಾಳವಾಗಿ ಸುರಿದರು. ಪ್ಲಾಸ್ಟಿಕ್ ಲೋಟ ಕೈಯಲ್ಲೇ ಕಾದಿತು, ಹೊಗೆಯಾಡಿತು, ಗಾಬರಿಯಿಂದ ಮೇಜಿನ ಮೇಲಿಟ್ಟ ಕೂಡಲೇ ಕುಸಿದು ಹರಡಿತು. ಕಲಸುತ್ತಿದ್ದ ಚಮಚ ಆ ಪುಟ್ಟ ಗುಡ್ಡದ ನೆತ್ತಿಯ ಮೇಲೆ ನೆಟ್ಟಗೆ ನಿಂತುಬಿಟ್ಟಿತು. ಎಳೆದರೆ ಮೇಜೇ ಏಳುತ್ತಿತ್ತು.

"ಗಟ್ಟಿಯಾಯ್ತಲ್ಲ ಕಣೇ," ಎಂದರು ಮೇಷ್ಟ್ರು ಬೆವರೊರೆಸಿಕೊಳ್ಳುತ್ತ.

"ಹೂಂ. ಇನ್ಮೇಲೆ ಚಮಚದ ಸುತ್ತ ಕೂತು ಊಟ ಮಾಡೋಣ."

ಶನಿವಾರ ಮೇಷ್ಟ್ರು ಅಡುಗೆಮನೆಯ ತಕ್ಕಡಿ ತಂದು, ಗ್ರಾಮು ಗ್ರಾಮು ತೂಗಿ, ನಿಧಾನವಾಗಿ ಕಲಸಿದರು. ರೆಸಿನ್ ತಿಳಿನೀರಿನಂತೆ ನಿಂತಿತು. ಅದರೊಳಗೆ ಏನಾದರೂ ಚೆಂದದ್ದು ಹಾಕಬೇಕು. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅತ್ತೆ ತಮ್ಮ ಕೋಣೆಯಲ್ಲಿ ಮಲಗಿದ್ದರು. ಹುಡುಕುತ್ತ ಹೋದ ಮೇಷ್ಟ್ರಿಗೆ ಉಪ್ಪಿನ ಡಬ್ಬಿಯ ಹಿಂದೆ ಒಂದು ಚಿಕ್ಕ ಶೀಷೆ ಸಿಕ್ಕಿತು. ಅದರ ತುಂಬ ಕಡುಗೆಂಪು ಬೀಜಗಳು. ಒಂದೊಂದರ ಮೇಲೂ ಯಾರೋ ಕುಂಚ ಹಿಡಿದು ಇಟ್ಟಂಥ ಬಿಳಿ ಚುಕ್ಕೆ. ಮೇಷ್ಟ್ರು ಅವನ್ನೆಲ್ಲ ಸಾಲು ಸಾಲಾಗಿ ರೆಸಿನ್ನಿನಲ್ಲಿ ಮುಳುಗಿಸಿದರು.

ಭಾನುವಾರ ಬೆಳಿಗ್ಗೆ ಅಚ್ಚಿನಿಂದ ಕಳಚಿದ ಟ್ರೇಯನ್ನು ಡ್ರಾಯಿಂಗ್ ಟೀಚರು ನೋಡಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದರು. "ಎಷ್ಟು ಚೆನ್ನಾಗಿದೆ," ಎಂದರು. ಅವರ ಬೆರಳು ಟ್ರೇಯ ಮೇಲೆ ಸವರುತ್ತ ಹೋಗಿ ಒಂದು ಕಡೆ ನಿಂತಿತು.

"ಈ ಬೀಜ ಎಲ್ಲಿ ಸಿಕ್ತು ಅಳಿಯಂದ್ರೇ?"

"ನಿಮ್ಮದೇ ಅತ್ತೆ. ಉಪ್ಪಿನ ಡಬ್ಬಿ ಹಿಂದೆ ಇತ್ತಲ್ಲ."

"ಎಲ್ಲಾನೂ ಹಾಕಿದ್ರಾ?"

"ಎಲ್ಲಾ. ಜಿಪುಣತನ ಮಾಡಲಿಲ್ಲ," ಎಂದರು ಮೇಷ್ಟ್ರು ಎದೆಯುಬ್ಬಿಸಿ.

ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ರೀ, ಅದು ಅಪ್ಪನ ಬಳ್ಳಿ ರೀ."

ಮಾವ ಬದುಕಿದ್ದಾಗ ಎಲ್ಲಿಂದಲೋ ತಂದು ಹಿತ್ತಿಲಲ್ಲಿ ಹಬ್ಬಿಸಿದ್ದ ನೇರಳೆ ಹೂವಿನ ಬಳ್ಳಿ ಅದು. ಅವರು ಹೋದಮೇಲೆ ಅತ್ತೆ ಪ್ರತಿ ವರ್ಷ ಬೀಜ ಬಿಡಿಸಿ, ಒಣಗಿಸಿ, ಎತ್ತಿಟ್ಟು, ಮುಂದಿನ ವರ್ಷ ಮತ್ತೆ ಹಾಕುತ್ತಿದ್ದರು. ಮೇಷ್ಟ್ರು ಹನ್ನೊಂದು ವರ್ಷದಿಂದ ಆ ಬಳ್ಳಿಯ ನೆರಳಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅದು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಹೋಗ್ಲಿ ಬಿಡೇ," ಎಂದರು ಅತ್ತೆ ಮಗಳಿಗೆ. "ಪ್ರೀತಿಯಿಂದ ಮಾಡಿದಾರೆ."

ಬೈದಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಟ್ರೇಯನ್ನು ಹಿತ್ತಿಲಿಗೆ ಒಯ್ದು ಚಾಕುವಿನಿಂದ ಕೆತ್ತಿದರು, ಚಾಕು ಮುರಿಯಿತು. ಸುತ್ತಿಗೆಯಿಂದ ಕುಟ್ಟಿದರು, ರೆಸಿನ್ನಿನ ಜೊತೆ ಎರಡು ಬೀಜ ಪುಡಿಯಾದವು. ಮೂರನೆಯ ಏಟಿಗೆ ಕೈಯೆತ್ತಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಬೇಡ ಅಳಿಯಂದ್ರೇ, ಬೆರಳು ಜಜ್ಜಿಕೊಂಡೀರಿ. ಎದುರುಗಡೆ ಟೈಲರಮ್ಮನ್ನ ಒಂದ್ಸಲ ಕೇಳ್ನೋಡಿ."

ರಸ್ತೆ ದಾಟಿದರೆ ಟೈಲರಮ್ಮನ ಅಂಗಡಿ. ಆ ಇಪ್ಪತ್ತು ಹೆಜ್ಜೆಯಲ್ಲಿ ಮೇಷ್ಟ್ರು, ನಡೆದದ್ದನ್ನು ಆದಷ್ಟು ಚಿಕ್ಕದು ಮಾಡಿ ಹೇಳುವುದಕ್ಕೆ ನಾಲ್ಕು ವಾಕ್ಯ ಜೋಡಿಸಿಕೊಂಡರು. ಅಂಗಡಿಯ ಮೆಟ್ಟಿಲು ಹತ್ತಿದಾಗ ನಾಲ್ಕೂ ಮರೆತುಹೋದವು.

"ಅತ್ತೆಯ ಬೀಜ ಎಲ್ಲ ಹಾಳು ಮಾಡಿಬಿಟ್ಟೆ," ಎಂದರು ನೆಲ ನೋಡುತ್ತ. "ನಿಮ್ಮ ಹತ್ತಿರ ಇರಬಹುದು ಅಂದ್ರು."

ಟೈಲರಮ್ಮ ಏನಾಯಿತೆಂದು ಕೇಳಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ, ಗುಂಡಿಗಳ ಡಬ್ಬಿಗಳ ನಡುವಿನಿಂದ ಒಂದು ಬಟ್ಟೆಯ ಪೊಟ್ಟಣ ತೆಗೆದರು. ಒಳಗೆ ಅದೇ ಕಡುಗೆಂಪು ಬೀಜಗಳು, ಅದೇ ಬಿಳಿ ಚುಕ್ಕೆ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ನೀವೂ ಬೆಳೀತೀರಾ?"

"ನಮ್ಮಲ್ಲಿ ಎಲ್ಲಿದೆ ಮೇಷ್ಟ್ರೇ ಜಾಗ? ನಿಮ್ಮತ್ತೆ ವರ್ಷಾ ವರ್ಷಾ ಹೊಸ ಬೀಜ ತಂದಿಟ್ಟು ಹಳೇದು ತಗೊಂಡು ಹೋಗ್ತಾರೆ. 'ಒಂದಿಷ್ಟು ನಮ್ಮನೆಯಿಂದ ಆಚೆ ಇರ್ಲಿ' ಅಂತ."

"ಎಷ್ಟು ವರ್ಷದಿಂದ?"

"ನೀವು ಅವರ ಗೋಡೆ ಗಡಿಯಾರ ರಿಪೇರಿ ಮಾಡಿಕೊಟ್ಟ ಮೇಲೆ ಅದು ನಿಂತೇ ಹೋಯ್ತಲ್ಲ, ಆ ವರ್ಷದಿಂದ."

ಮೇಷ್ಟ್ರು ಎರಡೂ ಅಂಗೈ ಚಾಚಿದರು. ಟೈಲರಮ್ಮ ಅರ್ಧದಷ್ಟು ಬೀಜ ಸುರಿದು, ಉಳಿದದ್ದನ್ನು ಮತ್ತೆ ಗಂಟು ಕಟ್ಟಿದರು.

"ಅದು?" ಎಂದರು ಮೇಷ್ಟ್ರು.

"ಇಲ್ಲೇ ಇರ್ಲಿ ಬಿಡಿ," ಎಂದರು ಟೈಲರಮ್ಮ, ಯಂತ್ರದ ಪೆಡಲ್ ಮೇಲೆ ಕಾಲಿಡುತ್ತ. "ನಿಮಗಿನ್ನೂ ವಯಸ್ಸಿದೆ, ರಿಪೇರಿ ಮಾಡೋದು ಬೇಕಾದಷ್ಟಿದೆ."